ಹಕ್ಕಿ ಡಾಕ್ಟರೂ ಅವಳ ದಿವಂಗತ ಮಾಮನೂ

ರಜನಿ ಹತ್ತನೆಯ ತರಗತಿಯಲ್ಲಿದ್ದಾಗ, ತಾನು ಹಕ್ಕಿಗಳ ಡಾಕ್ಟರಾಗುತ್ತೇನೆಂದು ಒಂದು ಭಾನುವಾರ ಊಟದ ಹೊತ್ತಿನಲ್ಲಿ ಘೋಷಿಸಿದಳು. ಅವಳ ಅಮ್ಮ ಸುಲೋಚನಾ ಹುಳಿಯ ಪಾತ್ರೆಯ ಕಡೆ ನೋಡಿದಳು. ಆಕಾಶದಿಂದ ಬೀಳುವ ಕಾಣದ ಕಿರಣಗಳನ್ನು ಎಣಿಸುವ ಸಂಶೋಧನಾಲಯವೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಅಪ್ಪ ಕೃಷ್ಣಮೂರ್ತಿ, ಕಿಟಕಿಯಾಚೆಯ ಆಕಾಶವನ್ನೇ ನೋಡಿದರು. ಸೋದರಮಾವ ಶ್ರೀಪಾದ ಮಾತ್ರ ತನ್ನ ಬೆರಳುಗಳನ್ನು ನೋಡಿಕೊಂಡ. ಅವಳ ಈ ವಿದ್ಯಾಭ್ಯಾಸದಲ್ಲಿ ಅದುವರೆಗೆ ಕುಕ್ಕಿಸಿಕೊಂಡವನು ಅವನೊಬ್ಬನೇ.

"ಆನಂದ್ ಊರಲ್ಲಿ ಹೊಸ ಕಾಲೇಜು ತೆಗೆದಿದಾರೆ. ಪಶುವೈದ್ಯದ್ದು," ಎಂದಳು ರಜನಿ.

"ಪಶು ಅಂದ್ರೆ ಎಮ್ಮೆ ಕಣೇ," ಎಂದಳು ಸುಲೋಚನಾ.

"ಎಮ್ಮೆಗೆ ಡಾಕ್ಟರ್ ಇದಾರೆ ಅಮ್ಮ. ಕಬೂತರಕ್ಕೆ, ಪಾರಿವಾಳಕ್ಕೆ ಯಾರಿದಾರೆ?"

ಈ ಮನೆಯಲ್ಲಿ ಉತ್ತರವಿಲ್ಲದ ಪ್ರಶ್ನೆಗಳೆಲ್ಲ ಬರೋಡಾಕ್ಕೆ ಹೋಗುತ್ತಿದ್ದವು. ಅಲ್ಲಿ ಫತೇಗಂಜಿನಲ್ಲಿ ಕೃಷ್ಣಮೂರ್ತಿಯ ಅಣ್ಣ ಪಟ್ಟಾಭಿರಾಮರಿದ್ದರು. ರೈಲ್ವೆಯಲ್ಲಿ ಕೆಲಸ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮೈಸೂರು ಸೀಮೆಯಿಂದ ತಮ್ಮನನ್ನು ಗುಜರಾತಿಗೆ ಕರೆತಂದು ಓದಿಸಿದವರು ಅವರು. ಹಾಗಾಗಿ ಕೃಷ್ಣಮೂರ್ತಿ ಹೊಸ ಚಪ್ಪಲಿ ಕೊಳ್ಳುವುದಕ್ಕೂ "ಅಣ್ಣ ಏನಂತಾನೋ" ಎನ್ನುತ್ತಿದ್ದರು. ರಜನಿಯ ಶಾಲೆಯಲ್ಲಿ ಮುಂದಿನ ವರ್ಷಕ್ಕೆ ವಿಜ್ಞಾನವೋ ಗೃಹವಿಜ್ಞಾನವೋ ಎಂದು ಹೋಳಿಯೊಳಗೆ ತಿಳಿಸಬೇಕಿತ್ತು. ಗೃಹವಿಜ್ಞಾನ ಹಿಡಿದರೆ ಆನಂದ್ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ. ಸಂಕ್ರಾಂತಿ ಕಳೆದ ಮೇಲೆ ಬಂದು ತೀರ್ಮಾನ ಹೇಳುತ್ತೇನೆ ಎಂದು ಪಟ್ಟಾಭಿರಾಮರು ತಿಳಿಸಿದ್ದರು. ಗೃಹವಿಜ್ಞಾನದ ಕಡೆಗೇ ಅವರ ಮನಸ್ಸು ಎಂಬುದು ಎಲ್ಲರಿಗೂ ಗೊತ್ತಿತ್ತು.

ರಜನಿ ತೀರ್ಮಾನಕ್ಕೆ ಕಾಯಲಿಲ್ಲ. ಓದು ಶುರುಮಾಡಿಯೇ ಬಿಟ್ಟಿದ್ದಳು. ಇವರ ಮನೆ ಅಹಮದಾಬಾದಿನ ಹಳೆಯ ಊರಿನೊಳಗೆ, ಖಾಡಿಯಾದ ಒಂದು ಪೋಳಿನಲ್ಲಿತ್ತು. ಪೋಳ್ ಎಂದರೆ ಗೋಡೆಗೆ ಗೋಡೆ ಅಂಟಿದ ಮನೆಗಳ ಇಕ್ಕಟ್ಟು ಕೇರಿ. ಅದರ ನಡುವೆ ಹಕ್ಕಿಗಳಿಗೆ ಕಾಳು ಹಾಕುವ ಕೆತ್ತನೆಯ ಮರದ ಕಂಬಗೂಡು. ಅಲ್ಲಿ ಪಾರಿವಾಳ ಜೋಲು ಬಿದ್ದರೂ, ಗಿಳಿ ಕುಂಟಿದರೂ ಎದುರುಮನೆಯ ಜಸುಬೆನ್ "ಓ ರಜನಿ, ಆವ್ ದೀಕ್ರಿ" ಎಂದು, ಬಾ ಮಗಳೇ ಎಂದು, ಕೂಗುತ್ತಿದ್ದಳು. ಪ್ರತಿ ಭಾನುವಾರ ರಜನಿ ಪಾಂಜರಾಪೋಳಿಗೆ, ಎಂದರೆ ಜೈನರು ನಡೆಸುತ್ತಿದ್ದ ಪ್ರಾಣಿಗಳ ಆಶ್ರಯಶಾಲೆಗೆ, ಹೋಗಿ ಅಲ್ಲಿನ ಡಾಕ್ಟರಿಗೆ ಹತ್ತಿ ಎತ್ತಿಕೊಡುತ್ತಿದ್ದಳು. ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹರಿದು ಹೊಲಿಗೆ ಹಾಕುವ ಅಭ್ಯಾಸ. ಅದು ಪಳಗಿದ ಮೇಲೆ ಬದನೆಕಾಯಿ. ಸುಲೋಚನಾ ಮಾಡಿದ ಎಣ್ಣೆಗಾಯಿಯಲ್ಲಿ ರೇಷ್ಮೆ ದಾರ ಸಿಕ್ಕಿ ಕೃಷ್ಣಮೂರ್ತಿ ಒಮ್ಮೆ ಕೆಮ್ಮಿದ್ದೂ ಉಂಟು.

ಶ್ರೀಪಾದನದು ಬೆಂಗಾವಲಿನ ಕೆಲಸ. ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅಕ್ಕ ಅವನನ್ನು ಜೊತೆಗೆ ಕಳಿಸುತ್ತಿದ್ದಳು. ಅವನೊಬ್ಬ ವಿಮಾ ಕಚೇರಿಯ ಗುಮಾಸ್ತ. ಸತ್ತವರು ನಿಜಕ್ಕೂ ಸತ್ತಿದ್ದಾರೆಯೇ ಎಂದು ಕಾಗದಪತ್ರ ನೋಡಿ ಖಚಿತಪಡಿಸಿಕೊಳ್ಳುವುದು ಅವನ ಸಂಬಳದ ಕೆಲಸ. ಗುಬ್ಬಚ್ಚಿ ಹತ್ತಿರ ಬಂದರೂ ಕಣ್ಣು ಮುಚ್ಚಿಕೊಳ್ಳುವ ಧೀರ. ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ಇಸ್ತ್ರಿ ಅಂಗಿ ತೆಗೆದಾಗ ಅದರ ಮಡಿಕೆಯೊಳಗಿಂದ ಪಾರಿವಾಳದ ಮೂಳೆಗಳು ಒಂದೊಂದೇ ಉದುರಿದವು.

"ಮಾಮಾ, ಅದು ರೆಕ್ಕೆದು, ಕ್ರಮವಾಗಿ ಇಟ್ಟಿದ್ದೆ," ಎಂದು ರಜನಿ ಗೋಳಾಡಿದಳು. "ಅಮ್ಮ ನಿನ್ನ ಪೇಟಿ ಮುಟ್ಟಲ್ಲ ಅಂತ ಅಲ್ಲಿಟ್ಟಿದ್ದು."

"ನಿಮ್ಮಮ್ಮ ನನ್ನನ್ನೂ ಮುಟ್ಟಲ್ಲ ಇನ್ಮೇಲೆ," ಎಂದ ಶ್ರೀಪಾದ. ಮೂಳೆಗಳನ್ನು ಮಾತ್ರ ಒಂದೂ ಬಿಡದೆ ಅವನೇ ಹೆಕ್ಕಿಕೊಟ್ಟ.

ಅರವತ್ತೈದರ ಜನವರಿ. ಉತ್ತರಾಯಣದ, ಎಂದರೆ ಗುಜರಾತಿನ ಸಂಕ್ರಾಂತಿಯ ಗಾಳಿಪಟದ ಹಬ್ಬದ, ಮುನ್ನಾದಿನ ಪೋಳಿನ ಮಾಳಿಗೆಗಳೆಲ್ಲ ಆಗಲೇ ಗಾಳಿಪಟಗಳಿಂದ ತುಂಬಿದ್ದವು. ಗಾಜಿನಪುಡಿ ಹಚ್ಚಿದ ಮಾಂಜಾ ದಾರ ಒಂದು ಕಾಗೆಯ ಕಾಲಿಗೆ ಸುತ್ತಿ, ಅದು ಇವರ ಮಾಳಿಗೆಯ ಮೂಲೆಗೆ ಬಿತ್ತು. ರಜನಿ ದಾರ ಬಿಡಿಸತೊಡಗಿದಳು. ಅರ್ಧ ರಜೆ ಹಾಕಿ ಬಂದಿದ್ದ ಶ್ರೀಪಾದ ಕಾಗೆಯನ್ನು ಹಿಡಿದುಕೊಂಡಿದ್ದ, ಕಣ್ಣು ಮುಚ್ಚಿ.

"ಹಿಲಾಯಿಸಬೇಡ ಮಾಮಾ, ಇನ್ನೊಂದೇ ಸುತ್ತು."

ಅವನು ಅಲುಗಾಡಿದ. ಕಾಗೆ ಕೊಸರಿಕೊಂಡು ಹಾರಿ, ಬೇರೆ ಜಾಗವೇ ಇಲ್ಲವೆಂಬಂತೆ ಅವನ ನೆತ್ತಿಯ ಮೇಲೆ ಕುಳಿತು, ಒಮ್ಮೆ ಕೂಗಿ, ಆಮೇಲೆ ಹೋಯಿತು. ಬಟ್ಟೆ ತೆಗೆಯಲು ಬಂದಿದ್ದ ಸುಲೋಚನಾ ಅದನ್ನು ಕಣ್ಣಾರೆ ಕಂಡಳು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ಕಾಗೆ ತಲೆಯ ಮೇಲೆ ಕೂತರೆ ಮೃತ್ಯು. ಅದಕ್ಕೆ ಇವರ ಕಡೆ ಒಂದೇ ಪರಿಹಾರ: ಕೂರಿಸಿಕೊಂಡವನು ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಒಂದಿಷ್ಟು ಅಳಬೇಕು. ಆ ಕಣ್ಣೀರಿಗೆ ದೋಷ ತೊಳೆದುಹೋಗುತ್ತದೆ. ಅತ್ತಾದ ಮೇಲೆ ನಿಜ ಹೇಳಿಬಿಡಬಹುದು.

"ಬರೋಡಾಕ್ಕೆ ತಂತಿ ಕೊಡು," ಎಂದಳು ಸುಲೋಚನಾ.

"ಅಕ್ಕಾ, ಭಾವನೋರಿಗಾ? ಅವರು ನನಗಾಗಿ ಅಳ್ತಾರಾ?"

"ಬಾಯ್ಮುಚ್ಕೊಂಡು ಹೋಗೋ. ಒಂದು ಘಳಿಗೆ ಬಿಟ್ಟು ಬದುಕಿದಾನೆ ಅಂತ ಇನ್ನೊಂದು ಕೊಡು."

ಮನೆಯಲ್ಲಿ ಇಂಗ್ಲಿಷಿನಲ್ಲಿ ತಂತಿ ಬರೆಯಬಲ್ಲವರು ಇಬ್ಬರು. ಕೃಷ್ಣಮೂರ್ತಿ ಕೆಲಸಕ್ಕೆ ಹೋಗಿದ್ದರು. ಹಾಗಾಗಿ ಶ್ರೀಪಾದ ತನ್ನ ಸಾವಿನ ಸುದ್ದಿಯನ್ನು ಹೊತ್ತು ತಾನೇ ತಂತಿ ಕಚೇರಿಗೆ ಹೊರಟ. ಅಲ್ಲಿನ ವಯಸ್ಸಾದ ಗುಮಾಸ್ತ ಓದಿ, ಕನ್ನಡಕ ತೆಗೆದ.

"ತೀರಿಕೊಂಡವರು ನಿಮಗೇನಾಗಬೇಕು, ಭಾಯ್?"

"ಬಹಳ ಹತ್ತಿರದವನು."

"ವಯಸ್ಸು?"

"ಹೆಚ್ಚು ಕಡಿಮೆ ನನ್ನದೇ."

"ಅರೆರೆ! ಏನಾಗಿತ್ತು?"

"ತಲೆಗೆ..." ಎಂದು ಶ್ರೀಪಾದ ತಡವರಿಸಿದ. "ತಲೆಗೆ ಪೆಟ್ಟು."

ಗುಮಾಸ್ತ ಎದ್ದು ಬಂದು ಅವನ ಭುಜ ತಟ್ಟಿದ. ತನಗಾಗಿ ತಾನೇ ಸಂತಾಪ ಸ್ವೀಕರಿಸಿದ ಶ್ರೀಪಾದ, ಚಹಾ ಕುಡಿದು, ಗೌರವಕ್ಕೆ ತಕ್ಕಷ್ಟು ಹೊತ್ತು ಬಿಟ್ಟು ಎರಡನೆಯ ತಂತಿಯನ್ನೂ ಕೊಟ್ಟ. ಅದನ್ನು ಕೊಡಲು ಬೇರೆ ಗುಮಾಸ್ತನ ಕಿಟಕಿಗೆ ಹೋದ. ಮೊದಲಿನವನ ಮುಖ ನೋಡುವ ಧೈರ್ಯವಿರಲಿಲ್ಲ.

ಊರಿನಲ್ಲಾದರೆ ಈ ಪದ್ಧತಿ ಸಲೀಸು. ನೆಂಟರು ಪಕ್ಕದ ಬೀದಿಯಲ್ಲಿರುತ್ತಾರೆ, ಅತ್ತು ಮುಗಿಸಿ ಬೈದು ಹೋಗುತ್ತಾರೆ. ಇಲ್ಲಿ ನಡುವೆ ರೈಲಿತ್ತು. ಮೊದಲ ತಂತಿ ಮರುದಿನ ಬೆಳಿಗ್ಗೆ ಪಟ್ಟಾಭಿರಾಮರ ಕೈ ಸೇರಿತು, ಅವರು ಮೊದಲ ಗಾಡಿ ಹಿಡಿದರು. ಎರಡನೆಯದು ಬಂದಾಗ ಮನೆಗೆ ಬೀಗ ಹಾಕಿತ್ತು.

ಉತ್ತರಾಯಣದ ಗದ್ದಲ ನೆತ್ತಿಗೇರಿದ್ದ ಹೊತ್ತು. "ಕಾಪ್ಯೋ ಛೇ!" ಎಂದು, ಪಟ ಕತ್ತರಿಸಿದವರ ಕೂಗು ಮಾಳಿಗೆಯಿಂದ ಮಾಳಿಗೆಗೆ. ಹೆಗಲ ಮೇಲೆ ಬಿಳಿಯ ಪಂಚೆ, ಕೆಂಪಾದ ಕಣ್ಣು. ಪಟ್ಟಾಭಿರಾಮರು ಮೆಟ್ಟಿಲು ಹತ್ತಿ ಬಂದರು. ಸತ್ತವನು ಎದುರಿಗೇ ಇದ್ದ. ಒಂದು ಕೈಯಲ್ಲಿ ಜಿಲೇಬಿ, ಇನ್ನೊಂದರಲ್ಲಿ ಜಸುಬೆನ್ನಳ ಗಂಡನ ದಾರದ ಸುರುಳಿ.

"ಶ್ರೀಪಾದ?"

"ಬನ್ನಿ ಭಾವ. ಜಿಲೇಬಿ ತಗೊಳ್ಳಿ," ಎಂದ ಶ್ರೀಪಾದ.

ಪಟ್ಟಾಭಿರಾಮರು ಜಿಲೇಬಿಯನ್ನೂ ಅವನನ್ನೂ ಒಮ್ಮೆ ನೋಡಿದರು. ಆಮೇಲೆ ಸಿಡಿದರು. "ದಾರಿಯುದ್ದಕ್ಕೂ ಅತ್ತಿದೀನಿ ಕಣೋ! ಒಂದು ಡಬ್ಬಿ ಜನ ನನಗೆ ಸಮಾಧಾನ ಹೇಳಿದಾರೆ! ಹೆಗಲು ಕೊಡೋಕೆ ಅಂತ ಬಂದವನಿಗೆ ಜಿಲೇಬಿ ಕೊಡ್ತೀಯಾ?" ಕಾಗೆಯ ಕತೆ ಹೊರಬಂತು. ಕಾಗೆ ತಲೆಗೆ ಹೇಗೆ ಬಂತೆಂದು ಕೇಳಿದಾಗ ರಜನಿಯ ಹೆಸರೂ ಹೊರಬಂತು. ತೀರ್ಮಾನ ಅಲ್ಲೇ, ಮಾಳಿಗೆಯ ಮೇಲೆಯೇ ಆಯಿತು.

"ಕೃಷ್ಣ, ಈ ಹಕ್ಕಿ ವೈದ್ಯ ಇವತ್ತಿಗೆ ಮುಗೀತು. ಗೃಹವಿಜ್ಞಾನ. ಸ್ಕೂಲಿಗೆ ತಿಳಿಸಿಬಿಡು."

"ಆಗಲಿ ಅಣ್ಣ," ಎಂದರು ಕೃಷ್ಣಮೂರ್ತಿ, ಆಕಾಶ ನೋಡುತ್ತ.

ರಜನಿ ಅಳಲಿಲ್ಲ. ತನ್ನ ಬುಟ್ಟಿ ಎತ್ತಿಕೊಂಡು ಮಾಳಿಗೆಯ ಇನ್ನೊಂದು ತುದಿಗೆ ಹೋಗಿ ನಿಂತಳು. ಇದಕ್ಕಿಂತ ನಿಜವಾಗಿ ಸತ್ತಿದ್ದರೇ ಮರ್ಯಾದೆಯಿತ್ತು ಎಂದು ಶ್ರೀಪಾದನಿಗೆ ಅನ್ನಿಸಿತು.

ಆದರೆ ಉತ್ತರಾಯಣದ ದಿನ ಅಹಮದಾಬಾದಿನ ಮಾಳಿಗೆಯ ಮೇಲೆ ಕೋಪ ಮಾಡಿಕೊಂಡು ನಿಲ್ಲಲು ಯಾರೂ ಬಿಡುವುದಿಲ್ಲ. ಜಸುಬೆನ್ನಳ ಗಂಡ ಒಂದು ಸುರುಳಿ ತಂದು ಪಟ್ಟಾಭಿರಾಮರ ಕೈಗಿಟ್ಟ. "ಸೂರತ್ತಿನ ಮಾಂಜಾ, ಪಟ್ಟಾಭಿಭಾಯ್. ಒಂದು ಸಲ ನೋಡಿ." ಪಟ್ಟಾಭಿರಾಮರು ಬೇಡವೆಂದರು, ಬೆರಳಿನಿಂದ ದಾರ ಮುಟ್ಟಿ ನೋಡಿದರು, ಉಟ್ಟ ಪಂಚೆ ಎತ್ತಿಕಟ್ಟಿದರು. ಸ್ವಲ್ಪ ಹೊತ್ತಿಗೆ ಅವರ ಕೆಂಪು ಪಟ ಎರಡು ಪಟಗಳನ್ನು ಕತ್ತರಿಸಿ ಮೂರನೆಯದರ ಬೆನ್ನು ಹತ್ತಿತ್ತು. ದಾರವನ್ನು ಜೋರಾಗಿ ಜಗ್ಗಿದರು. ಮೇಲಿಂದ ಬಿದ್ದದ್ದು ಪಟವಲ್ಲ.

ಬಿಳಿಯ ತಲೆ, ಇಟ್ಟಿಗೆ ಬಣ್ಣದ ಮೈ. ಗರುಡ.

ಪಟ್ಟಾಭಿರಾಮರ ಮುಖ ಸುಣ್ಣವಾಯಿತು. ಆಕಾಶದಲ್ಲಿ ಕಂಡರೆ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ ಹಕ್ಕಿ ಅದು, ವಿಷ್ಣುವಿನ ವಾಹನ. ಅದರ ಎಡ ರೆಕ್ಕೆ ಅವರದೇ ದಾರಕ್ಕೆ ಕುಯ್ದು ರಕ್ತ ಸುರಿಯುತ್ತಿತ್ತು. "ನಾರಾಯಣ, ನಾರಾಯಣ... ಸುಲೋಚನಾ, ತೀರ್ಥ ತಾಮ್ಮಾ! ಬಾಯಿಗೆ ಎರಡು ಹನಿ ಬಿಡೋಣ." ಜಸುಬೆನ್ ಆಗಲೇ ನೀರಿನ ಲೋಟದೊಂದಿಗೆ ಓಡಿ ಬಂದಿದ್ದಳು. ಬಿದ್ದ ಹಕ್ಕಿಯ ಕೊಕ್ಕು ತೆರೆದು ನೀರು ಬಿಡುವುದು ಆ ಊರಿನವರೆಲ್ಲ ಮಾಡುತ್ತಿದ್ದ ಪುಣ್ಯದ ಕೆಲಸ.

"ನೀರು ಬೇಡ!" ರಜನಿ ಕಿರುಚಿದಳು. ಆ ಮನೆಯಲ್ಲಿ ಪಟ್ಟಾಭಿರಾಮರ ಮೇಲೆ ಯಾರೂ ಕಿರುಚಿದ್ದಿಲ್ಲ. "ದೊಡ್ಡಪ್ಪ, ಕೈ ತೆಗೀರಿ. ಹಕ್ಕಿಗೆ ಉಸಿರಿನ ತೂತು ನಾಲಿಗೆ ಹಿಂದೇನೇ ಇರತ್ತೆ. ನೀರು ಸೀದಾ ಶ್ವಾಸಕ್ಕೆ ಹೋಗತ್ತೆ. ಗಾಯದಿಂದ ಅಲ್ಲ, ಆ ನೀರಿಂದಾನೇ ಸಾಯತ್ತೆ. ನಿಮ್ಮ ಪಂಚೆ ಕೊಡಿ."

ಶವಸಂಸ್ಕಾರಕ್ಕೆಂದು ತಂದಿದ್ದ ಪಂಚೆಯನ್ನು ಅವರು ಹೆಗಲಿಂದ ತೆಗೆದು ಕೊಟ್ಟರು. ರಜನಿ ಅದನ್ನು ಗರುಡನ ತಲೆಯ ಮೇಲೆ ಮುಚ್ಚಿದಳು. ಕತ್ತಲಾದೊಡನೆ ಹಕ್ಕಿ ಒದ್ದಾಟ ನಿಲ್ಲಿಸಿತು. "ಮಾಮಾ, ಕಾಲು ಹಿಡ್ಕೋ. ಇದು ಕುಕ್ಕಲ್ಲ, ಉಗುರಲ್ಲಿ ಹೊಡೆಯತ್ತೆ. ಎರಡೂ ಕಾಲು. ಕಣ್ಣು ತೆಗಿ!"

ಶ್ರೀಪಾದ ಕಣ್ಣು ತೆಗೆದ. ಹಿಡಿದ. ಈ ಸಲ ಅಲುಗಾಡಲಿಲ್ಲ. ಅವಳು ಬಟ್ಟೆಯೊತ್ತಿ ರಕ್ತ ಕಟ್ಟಿಸಿ, ರೆಕ್ಕೆಯನ್ನು ಮೈಗೆ ಸೇರಿಸಿ ಸುತ್ತಿ, ಬುಟ್ಟಿಯಲ್ಲಿಟ್ಟಳು. ಪಾಂಜರಾಪೋಳಿಗೆ ಹೋದ ಟಾಂಗಾದಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವರು ಪಟ್ಟಾಭಿರಾಮರು.

ಅಲ್ಲಿ ಅಂಗಳದ ತುಂಬ ಬುಟ್ಟಿಗಳು, ಚೀಲಗಳು, ಟೋಪಿಯಲ್ಲಿ ಹಕ್ಕಿ ತಂದವರು. ಡಾಕ್ಟರ್ ಒಬ್ಬರೇ. ಅವರ ಎರಡೂ ಕೈ ಒಂದು ಕೊಕ್ಕರೆಯ ಹೊಟ್ಟೆಯ ಗಾಯದಲ್ಲಿದ್ದವು. ಕತ್ತು ತಿರುಗಿಸಿ ಗರುಡನ ರೆಕ್ಕೆ ನೋಡಿದರು.

"ಮೂಳೆ ಸರಿಯಿದೆ. ಚರ್ಮ ಮಾತ್ರ ಹರಿದಿದೆ. ರಜನಿ, ನೀನೇ ಹೊಲಿ. ನಾನು ಇಲ್ಲಿಂದ ನೋಡ್ತಿರ್ತೀನಿ."

"ನಾನಾ? ಸಾಹೇಬ್, ನಾನು ಬದನೆಕಾಯಿ ಬಿಟ್ಟು..."

"ಬದನೆಕಾಯಿಗಿಂತ ಇದು ಮೆತ್ತಗೆ. ಬಿಗಿ ಎಳೀಬೇಡ."

ಮೊದಲ ಹೊಲಿಗೆ ಹಾಕಿ ಅವಳು ಡಾಕ್ಟರ ಕಡೆ ನೋಡಿದ್ದನ್ನು ಶ್ರೀಪಾದ ಕಂಡ. ಎರಡನೆಯದಕ್ಕೆ ನೋಡಲಿಲ್ಲ. ತುದಿನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಹರಿದ ಚರ್ಮದ ಅಂಚಿಗೆ ಅಂಚು ಕೂಡಿಸುತ್ತ ಹೋದಳು. ಮುಗಿದಾಗ ಡಾಕ್ಟರ್ ಶಹಬಾಸ್ ಎನ್ನಲಿಲ್ಲ. "ಕೈ ತೊಳ್ಕೊಂಡು ಬಾ. ಆ ಗಿಳಿ ತಗೋ," ಎಂದರು ಅಷ್ಟೇ. ಅವಳು ಗಿಳಿ ತೆಗೆದುಕೊಂಡಳು. ಆಮೇಲೆ ಒಂದು ಪಾರಿವಾಳ. ಸಂಜೆಯವರೆಗೂ ಪಟ್ಟಾಭಿರಾಮರು ಬಾಗಿಲ ಬಳಿ ನಿಂತು, ಬಂದವರಿಗೆಲ್ಲ "ನೀರು ಕುಡಿಸಬೇಡಿ, ನೀರು ಕುಡಿಸಬೇಡಿ" ಎಂದು ಮೂರು ಭಾಷೆಯಲ್ಲಿ ಹೇಳುತ್ತಿದ್ದರು.

ಹೊರಡುವಾಗ ಡಾಕ್ಟರ್ ಒಂದು ತೊಡಕು ಹೇಳಿದರು. "ಇದನ್ನು ಇಲ್ಲಿ ಇಡೋಕಾಗಲ್ಲ. ಇದು ಮೀನು ಮಾಂಸ ತಿನ್ನೋ ಹಕ್ಕಿ. ಇಲ್ಲಿ ಮೀನು ಮಾಂಸ ಒಳಗೆ ಬಿಡಲ್ಲ."

ಗರುಡ ಹೀಗೆ ಇವರ ಮಾಳಿಗೆಗೇ ಮರಳಿ ಬಂತು. ಕಬ್ಬಿಣದ ಜಾಲರಿ ಕಟ್ಟಿ ಅದಕ್ಕೊಂದು ಮನೆ ಮಾಡಿದರು. ಸುಲೋಚನಾ ಮೊಸರನ್ನ ಇಟ್ಟಳು, ಜಸುಬೆನ್ ಹಾಲು ಒಡೆಸಿ ಪನೀರು ಮಾಡಿ ತಂದಳು. ಗರುಡ ಎರಡಕ್ಕೂ ಬೆನ್ನು ತಿರುಗಿಸಿ ಕೂತಿತು. ರಜೆ ಹಾಕಿ ಉಳಿದಿದ್ದ ಪಟ್ಟಾಭಿರಾಮರು ಅದರ ಮುಂದೆ ಕೂತು ಸ್ತೋತ್ರ ಹೇಳಿದರು. ಅದಕ್ಕೂ ಹಸಿವು ಇಂಗಲಿಲ್ಲ.

"ದೊಡ್ಡಪ್ಪ, ಅದಕ್ಕೆ ಮಚ್ಛಿ ಬೇಕು. ಇಲ್ಲಾಂದ್ರೆ ಗಾಯ ಕೂಡಲ್ಲ," ಎಂದಳು ರಜನಿ.

ಆ ಮಾಳಿಗೆಯ ಮೇಲೆ ಆ ಪದವನ್ನು ಯಾರೂ ಅಂದಿರಲಿಲ್ಲ. ಸುಲೋಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಸುಬೆನ್ ತಾನು ತಂದ ಬಟ್ಟಲು ಎತ್ತಿಕೊಂಡಳು. ಆಮೇಲೆ ತನ್ನ ಮನೆಗೆ ಹೋಗಿ, ಇವರ ಮಾಳಿಗೆಯ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಂಡಳು. ಬೈಯಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ.

ಪಟ್ಟಾಭಿರಾಮರು ಗಂಟಲು ಸರಿಮಾಡಿಕೊಂಡರು. "ನೈವೇದ್ಯ ಅಂದ್ರೆ ದೇವರ ಇಷ್ಟಕ್ಕೆ ತಕ್ಕ ಹಾಗೆ. ಕೊಡೋರ ಇಷ್ಟಕ್ಕಲ್ಲ. ತರೋರು ಯಾರು?"

ಎಲ್ಲರೂ ಶ್ರೀಪಾದನ ಕಡೆ ನೋಡಿದರು.

"ಅದೇ ಸರಿ," ಎಂದರು ಪಟ್ಟಾಭಿರಾಮರು. "ಸತ್ತವನಿಗೆ ಮಡಿ ಮೈಲಿಗೆ ಏನು?"

ಅಂದಿನಿಂದ ಶ್ರೀಪಾದ ಕಚೇರಿಯಿಂದ ಬರುವಾಗ ನದಿ ದಂಡೆಗೆ ಸುತ್ತುಹಾಕಿ, ಮೂಗಿಗೆ ಕರವಸ್ತ್ರ ಕಟ್ಟಿ, ಮೀನು ತರುತ್ತಿದ್ದ. ಊಟದ ಡಬ್ಬಿಯಲ್ಲಿ ತಂದದ್ದರಿಂದ ಪೋಳಿನವರಿಗೆ ತಿಳಿಯಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದರು. ಕಚೇರಿಯಲ್ಲಿ ಅವನ ಪಕ್ಕದವನು ಮಾತ್ರ ಕುರ್ಚಿ ಬದಲಿಸಿಕೊಂಡ. ರಜನಿ ಶಾಲೆಯಿಂದ ಬಂದವಳೇ ಮೀನು ಹೆಚ್ಚಿ ಇಕ್ಕಳದಲ್ಲಿ ತಿನ್ನಿಸುತ್ತಿದ್ದಳು. ಬಳಿಕ ಮಿಂದು, ಅಲ್ಲೇ ಕೂತು ಓದುತ್ತಿದ್ದಳು. ಶರೀರಶಾಸ್ತ್ರ, ರಸಾಯನ, ಇಂಗ್ಲಿಷ್. ಪಶುವೈದ್ಯದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ ಎಂದು ಡಾಕ್ಟರ್ ಹೇಳಿದ್ದರು. ಒಂದೊಂದು ಪಾಠವನ್ನೂ ಮಾಮನಿಗೆ ಒಪ್ಪಿಸುತ್ತಿದ್ದಳು. ಹಕ್ಕಿಯ ಕೆಲವು ಮೂಳೆಗಳೊಳಗೆ ಗಾಳಿಯಿರುತ್ತದೆ ಎಂಬುದು ವಿಮಾ ಗುಮಾಸ್ತನಿಗೆ ಗೊತ್ತಾದದ್ದು ಹಾಗೆ.

ಪಟ್ಟಾಭಿರಾಮರು ರೈಲ್ವೆ ಪಾಸಿನ ಪುಣ್ಯದಿಂದ ಪ್ರತಿ ಭಾನುವಾರ ಬಂದು ಗರುಡನನ್ನು ನೋಡಿಹೋಗುತ್ತಿದ್ದರು. ಕೃಷ್ಣಮೂರ್ತಿ ಶಾಲೆಗೆ ಇನ್ನೂ ಏನೂ ತಿಳಿಸಿರಲಿಲ್ಲ; ಆ ವಿಷಯ ಎತ್ತಿದರೆ ಮಾತ್ರ ಅಣ್ಣನ ಮುಖ ಬಿಗಿ. ಕೊನೆಗೆ ಸುಲೋಚನಾಳೇ ಒಂದು ದಿನ ತಟ್ಟೆಗೆ ಅನ್ನ ಬಡಿಸುತ್ತ ಕೇಳಿಬಿಟ್ಟಳು.

"ಹಕ್ಕಿ ಹಾರಲಿ," ಎಂದರು ಅವರು. "ಹಾರಿದ್ರೆ ವಿಜ್ಞಾನ. ಹಾರದಿದ್ರೆ ಇದೆಲ್ಲ ಹುಡುಗಾಟ ಅಂತ ತಿಳ್ಕೋತೀನಿ."

ಹೋಳಿ ಹಬ್ಬಕ್ಕೆ ಮುಂಚಿನ ಭಾನುವಾರ ಜಾಲರಿ ತೆಗೆದರು. ಹೊಲಿಗೆ ಬಿಚ್ಚಿ ದಿನಗಳಾಗಿದ್ದವು. ಜಾಲರಿಯೊಳಗೆ ಅದು ರೆಕ್ಕೆ ಬಡಿಯುತ್ತಿತ್ತು. ಜಸುಬೆನ್ ಮುಚ್ಚಿದ್ದ ಕಿಟಕಿ ತೆಗೆದು ನಿಂತಳು. ಕೃಷ್ಣಮೂರ್ತಿ, ಸುಲೋಚನಾ, ಆಚೆ ಈಚೆಯ ಮಾಳಿಗೆಯವರು, ಎಲ್ಲರೂ ನೆರೆದಿದ್ದರು. ಗರುಡ ನಡೆದುಕೊಂಡು ಹೊರಬಂತು. ಚಿಮ್ಮಿ ಗೋಡೆಯ ಮೇಲೆ ಕುಳಿತಿತು. ಅಷ್ಟೇ. ಪಟ್ಟಾಭಿರಾಮರು ಕೈಮುಗಿದರು, ಕೈ ಇಳಿಸಿದರು, ಮತ್ತೆ ಮುಗಿದರು. ಗರುಡ ರೆಕ್ಕೆ ಅರ್ಧ ಬಿಚ್ಚಿ ಮಡಿಸಿಕೊಂಡಿತು. ಬಿಸಿಲೇರಿತು. ಒಬ್ಬೊಬ್ಬರೇ ನೆರಳಿಗೆ ಸರಿದರು.

"ಹಾರಲ್ಲಮ್ಮ," ಎಂದರು ಪಟ್ಟಾಭಿರಾಮರು. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಪಾಪ, ನೀನು ಮಾಡೋದೆಲ್ಲ ಮಾಡಿದೀಯ."

ರಜನಿ ಹಕ್ಕಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಹಾರದಿದ್ರೆ ನಾನು ತಪ್ಪು ಹೊಲಿದಿದೀನಿ ಅಂತ ಅರ್ಥ, ದೊಡ್ಡಪ್ಪ. ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಿಲ್ಲ. ಹಾರಿದ್ರೆ ಓದು ಅಂದ್ರಿ. ಹಾರದಿದ್ರೇನೇ ನಾನು ಜಾಸ್ತಿ ಓದಬೇಕು."

ಪಟ್ಟಾಭಿರಾಮರು ಹಕ್ಕಿಯನ್ನೂ ಹುಡುಗಿಯನ್ನೂ ನೋಡಿ ತಮ್ಮನ ಕಡೆ ತಿರುಗಿದರು.

"ಕೃಷ್ಣ," ಎಂದರು.

"ಅಣ್ಣ?"

"ನಾಳೆ ಸ್ಕೂಲಿಗೆ ನಾನೂ ಬರ್ತೀನಿ. ಹುಡುಗಿಗೆ ವಿಜ್ಞಾನ ಯಾಕೆ ಅಂತ ಅವರು ಕೇಳಿದ್ರೆ ನೀನು ಆಕಾಶ ನೋಡ್ತೀಯ. ನಾನು ಮಾತಾಡ್ತೀನಿ."

ಸುಲೋಚನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಜನಿ ಆಗಲೂ ತಿರುಗಲಿಲ್ಲ. ಅವಳ ಕಿವಿಗಳು ಮಾತ್ರ ಕೆಂಪಾದವು.

ಆಗ ನದಿಯ ಕಡೆಯಿಂದ ಒಂದು ಗಾಳಿ ಎದ್ದು ಬಂತು. ಗರುಡ ತಲೆಯೆತ್ತಿ, ಯಾರ ತೀರ್ಮಾನಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ, ಗೋಡೆಯಿಂದ ಸುಮ್ಮನೆ ಜಾರಿತು. ಒಂದು ಕ್ಷಣ ಕಾಣಲಿಲ್ಲ. ಮತ್ತೆ ಕಂಡಾಗ ಪೋಳಿನ ಹೆಂಚುಗಳ ಮೇಲಿತ್ತು. ಆಮೇಲೆ ಗೋಪುರಗಳ ಮೇಲೆ, ಆಮೇಲೆ ಗಿರಣಿ ಚಿಮಣಿಗಳ ಹೊಗೆಗಿಂತ ಮೇಲೆ ಸುತ್ತುಹಾಕುತ್ತಿತ್ತು. ಮಾಳಿಗೆಗಳಿಂದ ಕೂಗೆದ್ದಿತು. ಜಸುಬೆನ್ ಕಿಟಕಿಯಲ್ಲಿ ಚಪ್ಪಾಳೆ ತಟ್ಟಿದಳು. ಪಟ್ಟಾಭಿರಾಮರು ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ಕೈ ಮುಗಿದೇ ಇದ್ದರು.

ರಜನಿ ಕೈ ಮುಗಿಯಲಿಲ್ಲ. ಅವಳು ಹಣೆಗೆ ಕೈ ಅಡ್ಡ ಹಿಡಿದು ಲೆಕ್ಕ ಹಾಕುವವಳಂತೆ ನೋಡುತ್ತಿದ್ದಳು.

"ಮಾಮಾ, ಎಡಗಡೆ ನೋಡು. ಎಡ ರೆಕ್ಕೆ. ಬಲದಷ್ಟೇ ಬಿಚ್ಚತ್ತಾ?"

ಶ್ರೀಪಾದ ಕಣ್ಣು ಕಿರಿದುಮಾಡಿ ನೋಡಿದ. ಎರಡೂ ರೆಕ್ಕೆ ಸಮನಾಗಿದ್ದವು.

"ಬಿಚ್ಚತ್ತೆ ಡಾಕ್ಟ್ರೇ," ಎಂದ.